ಗ್ಯಾಸ್ ಬಾವಿಯ ಬಾಣಂತನ

ನಮ್ಮೂರಲ್ಲಿ ಒಲೆಗೂ ಬಲ್ಬಿಗೂ ಜಗಳ ಹತ್ತಿಕೊಂಡದ್ದು ಎರಡು ಸಾವಿರದ ಏಳನೇ ಇಸವಿಯ ಧನುರ್ಮಾಸದಲ್ಲಿ. ಎರಡರ ನಡುವೆ ನಿಂತು ಏಟು ತಿಂದವನು ನಾನು. ಹೆಸರು ಓಬುಳಪತಿ, ವಯಸ್ಸು ಇಪ್ಪತ್ತೆರಡು, ಹುದ್ದೆ ಆಪರೇಟರ್. ಈ ಕೊನೆಯ ಪದ ಬಂದಾಗ ಹಿಂದೆ ಡೋಲು ಬಾರಿಸಿದ ಹಾಗೆ ಊಹಿಸಿಕೊಳ್ಳಬೇಕು. ಡೋಲಿಲ್ಲದ ಕಡೆ ನಾನೇ ಬಾಯಲ್ಲಿ ಬಾರಿಸಿಕೊಳ್ಳುತ್ತಿದ್ದೆ.

ಊರು ಜಾಲಿಬಂಡೆ. ಕಲ್ಯಾಣದುರ್ಗದಿಂದ ಕುಂದುರ್ಪಿಗೆ ಹೋಗುವ ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುತ್ತದೆ. ಹದಿನೆಂಟು ಮನೆ, ತೊಂಬತ್ತು ದನ. ಇಲ್ಲಿ ಸಗಣಿಗೇನೂ ಬರವಿಲ್ಲ ಎಂದು ಹಿಂದೂಪುರದ ಒಂದು ಸಂಸ್ಥೆಯವರು ಬಂದು ಊರ ಮುಂದೆ ಬಾವಿ ತೋಡಿ, ಅದಕ್ಕೆ ಸಗಣಿ ನೀರು ತುಂಬಿ, ಮೇಲೊಂದು ಭಾರಿ ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಿದರು. ಒಳಗೆ ಗ್ಯಾಸ್ ಹುಟ್ಟಿದಷ್ಟೂ ಡ್ರಮ್ಮು ಮೇಲೇಳುತ್ತದೆ, ಉರಿಸಿದಷ್ಟೂ ಕೆಳಗಿಳಿಯುತ್ತದೆ. ಅದರಿಂದ ಎರಡು ಪೈಪು. ಒಂದು ಹದಿನೆಂಟು ಅಡುಗೆಮನೆಗೆ, ಇನ್ನೊಂದು ಎಂಜಿನ್ ಕೋಣೆಗೆ. ಕಲ್ಯಾಣದುರ್ಗದ ಸಬ್‌ಸ್ಟೇಷನ್ನಿನವರು ದಿನಾ ಸಂಜೆ ಆರಕ್ಕೆ ತೆಗೆದ ಕರೆಂಟನ್ನು ಒಂಬತ್ತಕ್ಕೆ ಕೊಡುತ್ತಿದ್ದರು. ಆ ಮೂರು ಗಂಟೆ ನಾವು ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗೆರಡು ಬಲ್ಬು, ಸಮುದಾಯ ಭವನದಲ್ಲೊಂದು ಟೀವಿ ಬೆಳಗಿಸಿಕೊಳ್ಳುತ್ತಿದ್ದೆವು.

ಕೇಳಲು ಸುಲಭ. ಆದರೆ ಸಗಣಿ ಕಲಸಲು ನೀರು ಬೇಕು. ಬೋರಿನಿಂದ ನೀರೆತ್ತುವ ಮೋಟರಿಗೆ ತ್ರೀ ಫೇಸ್ ಕರೆಂಟು ಬೇಕು. ಅದು ಕಲ್ಯಾಣದುರ್ಗದಿಂದ ಒಂದು ವಾರ ಬೆಳಗಿನ ಜಾವ ಬರುತ್ತದೆ, ಮರುವಾರ ಮಧ್ಯಾಹ್ನ ಬರುತ್ತದೆ. ಆ ಕರೆಂಟು ತಪ್ಪಿದರೆ ನೀರಿಲ್ಲ, ನೀರಿಲ್ಲದಿದ್ದರೆ ಗ್ಯಾಸಿಲ್ಲ, ಗ್ಯಾಸಿಲ್ಲದಿದ್ದರೆ ನಮ್ಮ ಕರೆಂಟೂ ಇಲ್ಲ, ಒಲೆಯೂ ಇಲ್ಲ. ಇದೆಲ್ಲವನ್ನೂ ಒಂದಕ್ಕೊಂದು ಹೊಂದಿಸಿಕೊಂಡು ಹೋಗಲು ಒಬ್ಬ ಆಪರೇಟರ್ ಬೇಕೆಂದು ಹಿಂದೂಪುರದ ಇಂಜಿನಿಯರ್ ಕೇಶವ ಸಾರ್ ನನ್ನನ್ನು ಕರೆದುಕೊಂಡು ಹೋಗಿ ಇಪ್ಪತ್ತೊಂದು ದಿನ ತರಬೇತಿ ಕೊಟ್ಟರು. ಕಲಿಸಿದ್ದರಲ್ಲಿ ಅರ್ಧ ಕೇಳಿಸಿಕೊಂಡೆ. ಉಳಿದರ್ಧ ಹೊತ್ತು ಹಿಂದೂಪುರದ ಟಾಕೀಸುಗಳಲ್ಲಿ ಕಳೆಯಿತು.

ಊರಿಗೆ ಬಂದ ಮೊದಲ ದಿನವೇ ಎರಡು ವಾಲ್ವುಗಳ ನಡುವೆ ಕಾಲು ಅಗಲಿಸಿ ನಿಂತು ಡೈಲಾಗ್ ಹೊಡೆದೆ.

"ಈ ಕೈ ತಿರುಗಿದ್ರೆ ಒಲೆ, ಈ ಕೈ ತಿರುಗಿದ್ರೆ ಬಲ್ಬು. ನಾನು ಕೈ ಕಟ್ಕಂಡ್ರೆ ಊರೇ ಕತ್ಲು."

ಚಪ್ಪಾಳೆ ಬಂತು. ಅದು ತಲೆಗೇರಿತು. ಧಾರಾವಾಹಿಯಲ್ಲಿ ಅತ್ತೆ ಕೈ ಎತ್ತಿದ ಹೊತ್ತಿಗೆ ಸರಿಯಾಗಿ ಎಂಜಿನ್ ನಿಲ್ಲಿಸಿ, ಏಟು ಯಾರಿಗೆ ಬಿತ್ತು ಎಂದು ಊರನ್ನೇ ಕೇಳುವುದು ನನ್ನ ಆಟವಾಯಿತು. ಮುದ್ದೆ ತಿರುವುವ ಹೊತ್ತಿಗೆ ಒಲೆಯ ಉರಿ ಇಳಿಸಿ, ಬೀದಿಯಲ್ಲಿ "ಇಂಟರ್‌ವಲ್" ಎಂದು ಕೂಗಿಕೊಂಡು ಹೋಗುತ್ತಿದ್ದೆ. ಹೀಗಾಗಿ ನಾನು ನಿಜ ಹೇಳಿದರೂ ಊರವರು ಮೊದಲು ನನ್ನ ಮುಖ ನೋಡಿ, ಆಮೇಲೆ ವಾಲ್ವು ನೋಡಿ ಬರುತ್ತಿದ್ದರು.

ಧನುರ್ಮಾಸ ಬಂತು. ನಮ್ಮ ಕಡೆ ಆ ತಿಂಗಳು ದಿನಾ ಬೆಳಿಗ್ಗೆ ಅಂಗಳ ಸಾರಿಸಿ, ರಂಗೋಲಿ ಹಾಕಿ, ನಡುವೆ ಸಗಣಿಯ ಗೊಬ್ಬೆಮ್ಮ ಮಾಡಿ ಇಟ್ಟು, ಗೌರಮ್ಮನೇ ಎಂದು ತಲೆಗೆ ಕುಂಬಳದ ಹೂ ಮುಡಿಸುತ್ತಾರೆ. ಸಂಜೆ ಅದನ್ನೇ ತಟ್ಟಿ ಗೋಡೆಗೆ ಬಡಿಯುತ್ತಾರೆ. ದಿನಕ್ಕೆ ಎರಡು ಬುಟ್ಟಿ ಸಗಣಿ ಕೊಡುತ್ತಿದ್ದ ಮನೆಯಿಂದ ಒಂದೂವರೆ ಬುಟ್ಟಿ ಬರತೊಡಗಿತು. ಐದು ಗೇಣು ಮೇಲೇಳುತ್ತಿದ್ದ ಡ್ರಮ್ಮು ಮೂರು ಗೇಣಿಗೆ ಬಂತು. ಒಲೆ ಉರಿಸಿದರೆ ಬಲ್ಬಿಗೆ ಸಾಲದು, ಬಲ್ಬು ಉರಿಸಿದರೆ ಒಲೆಗೆ ಸಾಲದು.

ನಾನು ಊರು ಸೇರಿಸಿ ಸತ್ಯ ಹೇಳಿದೆ. ಗೊಬ್ಬೆಮ್ಮನ ಪಾಲಿನ ಸಗಣಿ ಬಾವಿಗೆ ಬಿದ್ದರೆ ಎಲ್ಲ ಸರಿಹೋಗುತ್ತದೆ ಎಂದೆ.

ಎದ್ದು ನಿಂತವಳು ಚೌಡಕ್ಕ. ನಮ್ಮಪ್ಪನ ಅಣ್ಣನ ಹೆಂಡತಿ, ನನಗೆ ದೊಡ್ಡಮ್ಮ, ಒಲೆಯ ಕಡೆಯವರ ನಾಯಕಿ. ಅವಳು ಎದ್ದರೆ ಕೂತವರೂ ಸೆರಗು ಸರಿಮಾಡಿಕೊಳ್ಳುತ್ತಾರೆ.

"ಗೌರಮ್ಮನ್ನ ಗ್ಯಾಸ್ ಮಾಡ್ತೀಯೇನ್ಲಾ ಓಬ್ಳಾ? ನಿನ್ ಎಂಜಿನ್ನು ಕುಡ್ಕಂಡು ಕುಡ್ಕಂಡು ಡ್ರಮ್ಮು ಬತ್ತೋಯ್ತು, ಈಗ ದೇವ್ರ ತಲೇಗೆ ಕಟ್ತೀಯಾ?"

ಹದಿನೆಂಟು ಮನೆಯ ಹೆಂಗಸರೂ ಅವಳ ಹಿಂದೆ ನಿಂತರು. ಗಂಡಸರು ಟೀವಿಯ ಕಡೆಯವರು, ಅಂದರೆ ನನ್ನ ಕಡೆಯವರು. ಆದರೆ ಮುದ್ದೆ ಬೇಯಿಸುವವರ ಎದುರು ಮಾತಾಡುವ ಧೈರ್ಯ ಒಬ್ಬನಿಗೂ ಬರಲಿಲ್ಲ.

ದೊಡ್ಡಮ್ಮ ನನ್ನ ಮೊಬೈಲಿನಿಂದಲೇ ಹಿಂದೂಪುರಕ್ಕೆ ಫೋನ್ ಹಚ್ಚಿಸಿದಳು. ಕೇಶವ ಸಾರ್ ಸಮಾಧಾನದ ಮನುಷ್ಯ. ಇಬ್ಬರ ಮಾತೂ ಕೇಳಿ ತೀರ್ಪು ಕೊಟ್ಟರು. ಹದಿನೈದು ದಿನ ಎಂಜಿನ್ ನಿಲ್ಲಿಸಿ ನೋಡುವುದು. ಸಂಕ್ರಾಂತಿಯ ಹಿಂದಿನ ಭೋಗಿ ಹಬ್ಬದ ದಿನ ತಾವೇ ಬರುವುದು. ಎಂಜಿನ್ ಇಲ್ಲದೆ ಡ್ರಮ್ಮು ಮೇಲೆದ್ದಿದ್ದರೆ ಎಂಜಿನ್ನನ್ನು ಟೆಂಪೋಗೆ ಹಾಕಿಕೊಂಡು ಹೋಗಿ ಗೋರಂಟ್ಲ ಕಡೆಯ ಒಂದು ಊರಿಗೆ ಕೊಡುವುದು. ಅಲ್ಲಿಯವರು ವರ್ಷದಿಂದ ಕೇಳುತ್ತಿದ್ದರಂತೆ.

ಎಂಜಿನ್ ಹೋದರೆ ಆಪರೇಟರ್ ಇಲ್ಲ. ಆಪರೇಟರ್ ಇಲ್ಲದಿದ್ದರೆ ಓಬುಳಪತಿ ಎಲ್ಲಿಗೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ಅಮ್ಮನ ತಮ್ಮ ಪೋತಪ್ಪ ಮಾವನಿಗೆ ಕುಂದುರ್ಪಿಯಲ್ಲಿ ಇನ್ನೂರು ಕುರಿ ಇವೆ. ಸುದ್ದಿ ಕೇಳಿದ ಮೂರನೇ ದಿನವೇ ಬಂದು, ನನ್ನನ್ನು ನಿಲ್ಲಿಸಿ, ಕೈಯಲ್ಲಿದ್ದ ಕೋಲನ್ನು ನನ್ನ ಭುಜಕ್ಕೆ ಹಿಡಿದು ಎತ್ತರ ನೋಡಿದ. ಭೋಗಿಗೆ ಬತ್ತೀನಿ ಅಳಿಯ, ರೆಡಿಯಾಗಿರು ಎಂದು ಹೇಳಿಹೋದ. ನನಗೆ ಕುರಿಗಳ ಮೇಲೆ ದ್ವೇಷವಿಲ್ಲ. ಆದರೆ ಎಂಥ ಡೈಲಾಗ್ ಹೊಡೆದರೂ ಅವು ಒಂದೇ ಉತ್ತರ ಕೊಡುತ್ತವೆ.

ಎಂಜಿನ್ ಕೋಣೆಗೆ ದೊಡ್ಡಮ್ಮ ತನ್ನ ಮನೆಯ ಬೀಗ ತಂದು ಹಾಕಿ, ಬೀಗದ ಕೈಯನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡಳು. ಸಗಣಿ ಕಲಸಿ ಬಾವಿಗೆ ಬಿಡುವ ಕೆಲಸ ಮಾತ್ರ ನನಗೆ ಉಳಿಯಿತು.

ಮೊದಲ ಮೂರು ದಿನ ಡ್ರಮ್ಮು ಅರ್ಧ ಗೇಣು ಏರಿತು. ದೊಡ್ಡಮ್ಮ ದಿನಕ್ಕೆರಡು ಸಲ ಬಂದು ತನ್ನ ಗೇಣಿನಿಂದ ಅಳೆದು, ನನಗೆ ಕೇಳಿಸುವಂತೆ ಹೇಳಿಕೊಂಡು ಹೋಗುತ್ತಿದ್ದಳು. ನಾನು ಹತಾಶೆಯಿಂದ ಕಲ್ಯಾಣದುರ್ಗಕ್ಕೆ ಫೋನ್ ಮಾಡಿದೆ. ಸಬ್‌ಸ್ಟೇಷನ್ನಿನಲ್ಲಿ ಮುನೆಪ್ಪಣ್ಣ ಶಿಫ್ಟ್ ಆಪರೇಟರ್. ತ್ರೀ ಫೇಸ್ ಯಾವ ವಾರ ಯಾವಾಗ ಎಂದು ನನಗೆ ಹೇಳುವವನು ಅವನೇ. ನಮ್ಮೂರಿಗೆ ಇನ್ನೆರಡು ಗಂಟೆ ಹೆಚ್ಚು ಕತ್ತಲು ಕೊಡು, ಆಗ ಇವರಿಗೆ ನನ್ನ ಎಂಜಿನ್ನಿನ ಬೆಲೆ ತಿಳಿಯುತ್ತದೆ ಎಂದು ಕೇಳಿಕೊಂಡೆ. ಕರೆಂಟು ಕೊಡಿ ಎಂದು ಬೈದವರನ್ನು ಕಂಡಿದ್ದೇನೆ, ತೆಗೀರಿ ಎಂದು ಅಂಗಲಾಚಿದವನು ನೀನೇ ಮೊದಲು ಎಂದು ನಕ್ಕು ಫೋನ್ ಇಟ್ಟ.

ಮರುದಿನ ಅವನೇ ಫೋನ್ ಮಾಡಿ ತನ್ನ ತೆಲುಗು ಬೆರಕೆಯ ಕನ್ನಡದಲ್ಲಿ ಹೇಳಿದ.

"ಒರೇ ಓಬುಳೂ, ನೀ ಕೋರಿಕೆ ತೀರಿಂದಿ. ಇವತ್ತಿಂದ ಬೆಳಿಗ್ಗೆ ಎರಡು ಗಂಟೆ ಜಾಸ್ತಿ ಕರೆಂಟು ಕಟ್ಟು. ಸಮುದ್ರದ ಕಡೆ ಗ್ಯಾಸಿಂದ ಕರೆಂಟು ಮಾಡ್ತಾರಲ್ಲ, ಅಲ್ಲಿ ಗ್ಯಾಸ್ ತಕ್ಕುವೈಪೋಯಿಂದಂಟ, ಕಮ್ಮಿ ಆಗೈತಂತೆ."

"ಅಲ್ಲೂ ಗೊಬ್ಬೆಮ್ಮ ಇಟ್ಟವ್ರಾ ಅಣ್ಣಾ?"

ಅವನಿಗೆ ಅರ್ಥವಾಗಲಿಲ್ಲ. ನನಗೆ ಮಾತ್ರ ಎದೆ ತುಂಬಿ ಬಂತು. ಎಲ್ಲೋ ಇನ್ನೂರು ಮುನ್ನೂರು ಮೈಲಿ ಆಚೆ ನನ್ನ ಹಾಗೇ ಒಬ್ಬ ಆಪರೇಟರ್ ಎರಡು ವಾಲ್ವಿನ ನಡುವೆ ನಿಂತು ತಲೆ ಕೆರೆದುಕೊಳ್ಳುತ್ತಿರಬೇಕು. ಅವನಿಗೊಬ್ಬ ದೊಡ್ಡಮ್ಮ ಇಲ್ಲದಿರಲಿ ಎಂದು ಬೇಡಿಕೊಂಡೆ.

ಊರಿಗೆ ಹೆಚ್ಚಿನ ಕಟ್ಟು ಬಂದದ್ದೇ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಫೋನಿನಲ್ಲಿ ಕೇಳಿಕೊಂಡದ್ದನ್ನು ಯಾರೋ ಕೇಳಿಸಿಕೊಂಡಿದ್ದರು. ನನ್ನ ಒಂದು ಮಾತಿಗೆ ಕಲ್ಯಾಣದುರ್ಗವೇ ಸ್ವಿಚ್ಚು ಒತ್ತುತ್ತದೆ ಎಂದು ಊರು ನಂಬಿತು. ಬೇರೆ ಸಮಯದಲ್ಲಾಗಿದ್ದರೆ ಕಾಲರ್ ಎತ್ತಿಕೊಂಡು ತಿರುಗುತ್ತಿದ್ದೆ. ಈಗ ಗಂಡಸರೂ ನನ್ನೊಂದಿಗೆ ಮಾತು ಬಿಟ್ಟರು.

ಐದನೇ ದಿನದಿಂದ ಡ್ರಮ್ಮು ಇಳಿಯತೊಡಗಿತು. ಮೂರು ಗೇಣಾಯಿತು, ಎರಡೂವರೆಯಾಯಿತು. ಏಳನೇ ದಿನ ಎರಡಕ್ಕೆ ಬಂತು. ಎಂಜಿನ್ ಓಡುತ್ತಿಲ್ಲ, ಆದರೂ ಗ್ಯಾಸಿಲ್ಲ. ದೊಡ್ಡಮ್ಮನ ಒಲೆಯಲ್ಲಿ ಉರಿ ನೀಲಿಯಾಗಿ ಮಿಣುಕಿ, ಎಸರು ಕಾಯುವ ಮೊದಲೇ ಆರಿಹೋಯಿತು. ಅವಳು ನೇರ ನಮ್ಮ ಮನೆಗೆ ಬಂದು ಎಲ್ಲಿ ತೂತು ಮಾಡಿದ್ದೀಯ ಎಂದು ಕೇಳಿದಳು. ದೇವರಾಣೆ ಇಲ್ಲ ಎಂದೆ. ಯಾವ ದೇವರು ಎಂದು ಕೇಳಿದಳು. ಗೌರಮ್ಮ ಎನ್ನಲು ಹೋಗಿ ನುಂಗಿಕೊಂಡೆ. ಅಂದಿನಿಂದ ಅವಳು ಅವರೆಕಾಯಿಯ ಮೊರ ಹಿಡಿದು ಎಂಜಿನ್ ಕೋಣೆಯ ಹೊಸಿಲ ಮೇಲೇ ಕೂತಳು.

ಮರುದಿನ ಬೆಳಿಗ್ಗೆ, ಅವಳು ಕಣ್ಣು ಮಿಟುಕಿಸದೆ ನೋಡುತ್ತಿರುವಾಗ, ನಾನು ಪಂಚೆ ಎತ್ತಿ ಕಟ್ಟಿ ತೊಟ್ಟಿಗಿಳಿದು ಸಗಣಿ ತುಳಿಯುತ್ತಿದ್ದೆ. ಆ ವಾರ ತ್ರೀ ಫೇಸ್ ಮಧ್ಯಾಹ್ನ. ಹಿಂದಿನ ದಿನ ಎತ್ತಿದ ನೀರು ರಾತ್ರಿಯೆಲ್ಲ ಇಬ್ಬನಿಯಲ್ಲಿ ನಿಂತು ಹಿಮವಾಗಿತ್ತು. ಮೊಣಕಾಲಿನವರೆಗೆ ಜೋಮು ಹಿಡಿಯಿತು. ಹಲ್ಲು ಕಟಕಟ ಎನ್ನುವಾಗ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ಹೋದ ತಿಂಗಳು ಈ ಚಳಿ ನನಗೆ ಯಾಕೆ ತಾಗಿರಲಿಲ್ಲ?

ಯಾಕೆಂದರೆ ಆಗ ನಾನು ಬಿಸಿನೀರಿನಲ್ಲಿ ನಿಲ್ಲುತ್ತಿದ್ದೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಎಂಜಿನ್ ಕಾಯದಿರಲೆಂದು ಅದರ ಸುತ್ತ ಒಂದು ದೊಡ್ಡ ಪೀಪಾಯಿಯ ನೀರು ಹರಿಯುತ್ತಿರುತ್ತದೆ. ಎಂಜಿನ್ ನಿಲ್ಲಿಸುವ ಹೊತ್ತಿಗೆ ಆ ನೀರಿಗೆ ಕೈಯಿಟ್ಟರೆ ಬೊಬ್ಬೆ ಬರುತ್ತದೆ. ಅದನ್ನು ಬಕೆಟ್ಟಿನಲ್ಲಿ ಹೊತ್ತು ದೂರದ ಚರಂಡಿಗೆ ಸುರಿಯಬೇಕೆಂದು ಕೇಶವ ಸಾರ್ ಕಲಿಸಿದ್ದರು. ಅಷ್ಟು ದೂರ ಯಾರು ಹೊರುತ್ತಾರೆ? ನಾನು ಪೀಪಾಯಿಯ ಬಿರಡೆ ಕಿತ್ತು ನೀರನ್ನು ಪಕ್ಕದ ಸಗಣಿ ತೊಟ್ಟಿಗೇ ಬಿಟ್ಟು, ರಾತ್ರಿಯೇ ಅದಕ್ಕೆ ತಣ್ಣೀರು ಬೆರೆಸಿ ಸಗಣಿ ಕಲಸಿ, ಬೆಚ್ಚಗಿರುವಾಗಲೇ ಬಾವಿಗೆ ಇಳಿಸುತ್ತಿದ್ದೆ. ಬರೀ ಸೋಮಾರಿತನ. ಬೆಚ್ಚಗಿದ್ದರೇ ಸಗಣಿ ಗ್ಯಾಸ್ ಬಿಡುವುದು, ಆ ಸೋಮಾರಿತನವೇ ಇಷ್ಟು ದಿನ ಬಾವಿಯ ಹೊಟ್ಟೆ ಬೆಚ್ಚಗಿಟ್ಟಿತ್ತು. ಎಂಜಿನ್ ಗ್ಯಾಸ್ ಕುಡಿಯುತ್ತಿತ್ತು ನಿಜ, ಆದರೆ ಕುಡಿದ ಋಣವನ್ನು ಬಿಸಿನೀರಿನಲ್ಲಿ ತೀರಿಸುತ್ತಿತ್ತು.

ತೊಟ್ಟಿಯಿಂದ ಹಾಗೇ ಜಿಗಿದು, ಸಗಣಿ ಕಾಲಲ್ಲೇ ದೊಡ್ಡಮ್ಮನ ಮುಂದೆ ನಿಂತು ಎಲ್ಲ ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಲೇ ಕೇಳಿದಳು.

"ಮುಗೀತಾ ನಿನ್ ಪಿಚ್ಚರ್ರು?"

ಬೀಗ ತೆಗೆಸಲು ನಾನು ಕಟ್ಟಿದ ಹೊಸ ಕಥೆ ಇದು ಎಂದು ಅವಳ ತೀರ್ಮಾನ. ತಪ್ಪು ಅವಳದಲ್ಲ. ಅವಳ ಮುದ್ದೆಗೆ ನಾನು ಎಷ್ಟೋ ಇಂಟರ್‌ವಲ್ ಕೊಟ್ಟಿದ್ದೆ.

ನನ್ನನ್ನು ಉಳಿಸಿದವಳು ಬೀರಕ್ಕ. ಊರಿನ ಸೂಲಗಿತ್ತಿ, ನನ್ನ ವಯಸ್ಸಿನ ಎಲ್ಲರ ಹೊಕ್ಕುಳಬಳ್ಳಿ ಕೊಯ್ದವಳು. ಸಗಣಿ ಬುಟ್ಟಿ ಇಳಿಸಲು ಬಂದವಳು ನನ್ನ ಮಾತು ಕೇಳಿಸಿಕೊಂಡು, ಬಾವಿಯ ಗೋಡೆಯ ಮೇಲೆ ಅಂಗೈಯಿಟ್ಟು, ಬಸುರಿಯ ಹೊಟ್ಟೆ ನೋಡುವವಳ ಹಾಗೆ ಅಲ್ಲಲ್ಲಿ ಒತ್ತಿ ನೋಡಿದಳು.

"ತಣ್ಣಗೈತೆ ಕಣಮ್ಮ ಚೌಡಕ್ಕ. ತಣ್ಣೀರು ಕುಡ್ದ ಎಮ್ಮೆ ಹಾಲು ಬಿಡ್ತದಾ? ಹುಡ್ಗ ಸುಳ್ಳ ಇರ್ಬೋದು, ಹೊಟ್ಟೆ ಸುಳ್ಳು ಹೇಳಾಕಿಲ್ಲ."

ಎಮ್ಮೆಯ ಮಾತು ಬಂದದ್ದರಿಂದ ದೊಡ್ಡಮ್ಮ ಮೊರ ಕೆಳಗಿಟ್ಟಳು. ಆದರೆ ಎಂಜಿನ್ನಿನ ಬೀಗ ತೆಗೆಯಲಿಲ್ಲ. ಬಿಸಿನೀರು ತಾನೇ ಬೇಕಾದದ್ದು, ಅದಕ್ಕೆ ಎಂಜಿನ್ ಯಾಕೆ, ನಮ್ಮ ಬಚ್ಚಲಲ್ಲಿ ಹಂಡೆ ಇಲ್ಲವೇ ಎಂದಳು.

ಹೀಗೆ ಜಾಲಿಬಂಡೆಯಲ್ಲಿ ಬಾವಿಯ ಬಾಣಂತನ ಶುರುವಾಯಿತು. ದಿನಾ ಬೆಳಿಗ್ಗೆ ಹದಿನೆಂಟು ಬಚ್ಚಲಲ್ಲಿ ಹಂಡೆಗೆ ಸೌದೆ ಒಟ್ಟಿ ನೀರು ಕಾಯಿಸುವುದು, ಬಿಂದಿಗೆಗೆ ತುಂಬಿ ಸೊಂಟಕ್ಕಿಟ್ಟು ತಂದು ತೊಟ್ಟಿಗೆ ಸುರಿಯುವುದು. ಸೌದೆ ಉಳಿಸಲು ಬಂದ ಗ್ಯಾಸಿಗಾಗಿ ಊರಿನ ಸೌದೆಯೆಲ್ಲ ಉರಿಯಿತು. ಬೀರಕ್ಕನ ಮೇಲ್ವಿಚಾರಣೆ ಬಿಗಿಯಾಗಿತ್ತು. ಬಾವಿಯ ಸುತ್ತ ಕಡಲೆಕಾಯಿ ಬಳ್ಳಿಯ ಹೊಟ್ಟು ಒಟ್ಟಿಸಿ ಗಾಳಿ ತಾಗದ ಹಾಗೆ ಮಾಡಿಸಿದಳು. ಒಬ್ಬಳು ಭಕ್ತಿಯಿಂದ ಮೆಣಸು, ಬೆಳ್ಳುಳ್ಳಿ ಜಜ್ಜಿ ತಂದು ತೊಟ್ಟಿಗೆ ಹಾಕಿದಳು. ಇನ್ನೊಬ್ಬಳು ಬಾಣಂತಿಗೆ ಹಾಕುವ ಹಾಗೆ ಸಾಂಬ್ರಾಣಿ ಹಾಕೋಣವೆಂದು ಕೆಂಡದ ತಟ್ಟೆ ಹಿಡಿದು ಡ್ರಮ್ಮಿನ ಹತ್ತಿರ ಬಂದಾಗ ನಾನು ಓಡಿಹೋಗಿ ಅವಳ ಕಾಲು ಹಿಡಿದುಕೊಂಡೆ. ಗ್ಯಾಸಿನ ಪಕ್ಕ ಕೆಂಡ ಬಂದರೆ ಬಾಣಂತಿ, ಸೂಲಗಿತ್ತಿ, ಆಪರೇಟರ್ ಮೂವರೂ ಒಟ್ಟಿಗೆ ಸ್ವರ್ಗಕ್ಕೆ. ಜೀವನದಲ್ಲಿ ಡೈಲಾಗ್ ಇಲ್ಲದೆ ನಾನು ಬೇಡಿಕೊಂಡದ್ದು ಅದೇ ಮೊದಲು.

ಮೂರನೇ ದಿನ ಡ್ರಮ್ಮು ನಾಲ್ಕು ಬೆರಳು ಎದ್ದಿತು. ನಾಲ್ಕನೇ ದಿನ ಇನ್ನೂ ನಾಲ್ಕು ಬೆರಳು. ಭೋಗಿಯ ಹೊತ್ತಿಗೆ ಮೂರೂವರೆ ಗೇಣಾಗಿತ್ತು. ಒಲೆಗಳು ಮತ್ತೆ ಭುಸುಗುಟ್ಟಿದವು. ಹೆಂಗಸರು ಮಾತ್ರ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು.

ಭೋಗಿಯ ಬೆಳಿಗ್ಗೆ ಹತ್ತಕ್ಕೆ ಹಿಂದೂಪುರದ ಟೆಂಪೋ ಬಂತು. ಅದರ ಹಿಂದೆಯೇ ಪೋತಪ್ಪ ಮಾವ ಬಂದ. ನನ್ನ ಪಾಲಿನ ಒಂದು ಕೋಲನ್ನೂ ತಂದಿದ್ದ, ಹೊಸದಾಗಿ ಕೆತ್ತಿಸಿದ್ದು.

ಕೇಶವ ಸಾರ್ ಡ್ರಮ್ಮು ಅಳೆದರು, ನೀರಿನ ಕಥೆ ಕೇಳಿದರು, ತೊಟ್ಟಿಗೆ ಬೆರಳು ಅದ್ದಿ ನೋಡಿದರು. ಬೆಳ್ಳುಳ್ಳಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದಾಗ ಜಜ್ಜಿ ತಂದವಳು ಬೀರಕ್ಕನ ಬೆನ್ನ ಹಿಂದೆ ಸರಿದಳು. ಎಂಜಿನ್ನಿನ ನೀರನ್ನು ತೊಟ್ಟಿಗೆ ಬಿಡಲು ಯಾರು ಹೇಳಿಕೊಟ್ಟರು ಎಂದು ನನ್ನನ್ನು ಕೇಳಿದರು. ಸೋಮಾರಿತನ ಸಾರ್ ಎಂದೆ. ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು. ಬೆನ್ನು ತಟ್ಟುತ್ತಾರೆಂದು ನಾನು ಎದೆಯುಬ್ಬಿಸಿ ಕಾದೆ. ಅವರು ಚಶ್ಮ ಒರೆಸಿಕೊಂಡು ತೀರ್ಪು ಹೇಳಿದರು.

"ನೋಡಪ್ಪ ಓಬುಳಪತಿ, ನೀನು ಹೇಳಿದ್ದು ಸರಿ. ಆದರೆ ಹಂಡೆ ನೀರಿನಲ್ಲೇ ಡ್ರಮ್ಮು ಎದ್ದಿದೆ ಅಂದಮೇಲೆ ಎಂಜಿನ್ ಇಲ್ಲದೇನೂ ನಡೆಯುತ್ತದೆ ಅಂತಾಯ್ತು. ಮಾತು ಕೊಟ್ಟಿದ್ದೀನಿ. ಗೋರಂಟ್ಲದವರು ಕಾಯ್ತಾವ್ರೆ."

ಅಂದರೆ ನಾನು ಕಂಡುಹಿಡಿದ ಸತ್ಯವೇ ನನ್ನನ್ನು ಕುರಿ ಕಾಯಲು ಕಳಿಸುತ್ತಿತ್ತು. ಟೆಂಪೋದವರು ಹಗ್ಗ ತೆಗೆದರು. ಪೋತಪ್ಪ ಮಾವ ಕೋಲನ್ನು ನನ್ನ ಕೈಗಿಟ್ಟ. ಹಿಡಿ ಸರಿಯಾಗಿಯೇ ಇತ್ತು. ನಾನು ಬಾಯಿ ತೆರೆದೆ. ಇಂಥ ಸಮಯಕ್ಕೆಂದೇ ಇಟ್ಟುಕೊಂಡಿದ್ದ ಡೈಲಾಗುಗಳು ನೂರಿದ್ದವು, ಒಂದೂ ಬರಲಿಲ್ಲ.

ಕೇಶವ ಸಾರ್ ಬೀಗದ ಕೈ ಕೇಳಿದರು. ದೊಡ್ಡಮ್ಮ ತಾಳಿಯ ದಾರಕ್ಕೆ ಕೈ ಹಾಕಿದಳು. ಆಗ ಬೀರಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು.

"ಅಮ್ಮಣ್ಣೀ ಚೌಡಕ್ಕಾ, ಒಂದು ಮಾತು. ಬಾಣಂತಿಗೆ ಮೂರು ತಿಂಗ್ಳು ನೀರು ಹುಯ್ದಿವ್ನಿ, ಐದು ತಿಂಗ್ಳೂ ಹುಯ್ದಿವ್ನಿ. ಇದ್ರ ಬಾಣಂತನ ಯಾವತ್ತು ಮುಗೀತದೆ?"

ಹದಿನೆಂಟು ಮನೆಯ ಹೆಂಗಸರು ಹದಿನೆಂಟು ಸೊಂಟಗಳನ್ನು ಹಿಡಿದುಕೊಂಡು ದೊಡ್ಡಮ್ಮನ ಮುಖ ನೋಡಿದರು. ಅಷ್ಟು ದಿನ ಅವಳ ಹಿಂದೆ ನಿಂತವರು ಈಗ ಎದುರಿಗೆ ನಿಂತಿದ್ದರು.

ದೊಡ್ಡಮ್ಮ ಬೀಗದ ಕೈ ಬಿಚ್ಚಿದಳು. ಕೇಶವ ಸಾರ್ ಕೈ ಚಾಚಿದರು. ಅವಳು ಅದನ್ನು ಕೊಡದೆ ಮುಷ್ಟಿಯಲ್ಲಿ ಹಿಡಿದುಕೊಂಡು ಡ್ರಮ್ಮನ್ನು, ಸೌದೆಯ ಒಟ್ಟಿಲು ಇದ್ದ ಖಾಲಿ ಜಾಗವನ್ನು, ನನ್ನ ಕೈಲಿದ್ದ ಕೋಲನ್ನು ಒಂದೊಂದಾಗಿ ನೋಡಿದಳು. ಸೋತೆ ಎಂದು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

"ಸಾರ್, ಆ ಎಂಜಿನ್ನು ಇಲ್ಲೇ ಇರ್ಲಿ. ನೀರು ಕಾಯ್ಸಾಕೆ. ಬಲ್ಬು ಗಿಲ್ಬು ಅದ್ರ ಪಾಡಿಗೆ ಅದು ಉರ್ಕಂಡ್ರೆ ಉರ್ಕಣ್ಲಿ, ನಮಗೇನು."

ಕೇಶವ ಸಾರ್ ತಮ್ಮ ಪುಸ್ತಕ ತೆರೆದು ಪೆನ್ನು ಹಿಡಿದರು. ಎಂಜಿನ್ನಿನ ಉದ್ದೇಶ ಎಂಬ ಕಡೆ ಇದ್ದ ಹಳೆಯ ಸಾಲು ಹೊಡೆದುಹಾಕಿ, ನೀರು ಕಾಯಿಸುವುದು ಎಂದು ಬರೆದರು. ಆಪರೇಟರ್ ಎಂಬ ಕಡೆ ಏನು ಬರೆಯಲಿ ಎಂದು ದೊಡ್ಡಮ್ಮನನ್ನೇ ಕೇಳಿದರು. ನೀರು ಕಾಯ್ಸೋನು ಅಂತ ಬರ್ಕಳಿ ಎಂದಳು. ಬರೆದುಕೊಂಡರು. ಡೋಲು ಬಾರಿಸಿ ಹೇಳುವಂಥ ಹುದ್ದೆಯಲ್ಲ, ಆದರೂ ನಾನು ತಕರಾರು ಮಾಡಲಿಲ್ಲ. ಕೋಲನ್ನು ಮಾವನ ಕೈಗೆ ಮೆಲ್ಲಗೆ ವಾಪಸಿಟ್ಟೆ. ಅವನು ಬೇಜಾರು ಮಾಡಿಕೊಳ್ಳದೆ, ಹಬ್ಬದೂಟಕ್ಕೆ ಕೂತರೆ ಆಯಿತೆಂದು ಒಳಗೆ ಹೋದ. ಟೆಂಪೋ ಖಾಲಿ ಹೋಗಬಾರದೆಂದು ಬೀರಕ್ಕ ಡ್ರೈವರನಿಗೆ ಒಂದು ಮೂಟೆ ಅವರೆಕಾಯಿ ಹಾಕಿಸಿದಳು.

ಆ ಸಂಜೆ ಆರಕ್ಕೆ ಕಲ್ಯಾಣದುರ್ಗದ ಕರೆಂಟು ಹೋಯಿತು. ದೊಡ್ಡಮ್ಮ ಬೀಗ ತೆಗೆದಳು. ನಾನು ಹಿಡಿಕೆ ಸುತ್ತಿ ಎಂಜಿನ್ ಎಬ್ಬಿಸಿದೆ. ಹದಿನೆಂಟು ಮನೆಯಲ್ಲೂ ಬಲ್ಬು ಹತ್ತಿತು, ಸಮುದಾಯ ಭವನದಿಂದ ಗಂಡಸರ ಕೇಕೆ ಕೇಳಿಸಿತು. ದೊಡ್ಡಮ್ಮ ಮಾತ್ರ ತಲೆ ಎತ್ತಿ ಬಲ್ಬಿನ ಕಡೆ ನೋಡಲಿಲ್ಲ. ಪೀಪಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಳೆ ಹಿಂದಕ್ಕೆ ಸರಿಸಿ, ನೀರಿಗೆ ಬೆರಳಿಟ್ಟಳು.

"ಇನ್ನೂ ಕಾಯ್ಬೇಕು ಕಣ್ಲಾ," ಎಂದಳು. "ಸುಮ್ಕೆ ಓಡ್ಸು."